ಸಿಂಗಲ್ ಕಾಯಿಲ್ ಪಿಕಪ್

ಸಿಂಗಲ್ ಕಾಯಿಲ್ ಪಿಕಪ್ ಅಥವಾ ಏಕಸುರುಳಿ ಪಿಕಪ್ ಎಂಬುದು ವಿದ್ಯುತ್ ಗಿಟಾರ್‌ನ ಉಕ್ಕಿನ ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುವ ಕಾಂತೀಯ ಸಾಧನ. ಅಯಸ್ಕಾಂತದ ಸುತ್ತ ಒಂದೇ ಸುರುಳಿಯಾಗಿ ಸುತ್ತಿದ ಅತಿ ತೆಳುವಾದ ತಾಮ್ರದ ತಂತಿಯೇ ಇದರ ಮುಖ್ಯ ಅಂಗ. ತಂತಿಯಿಂದ ತಂತಿಗೆ ಬೇರ್ಪಟ್ಟು ಕೇಳುವ, ತಾರಾಂಶ ಎದ್ದು ತೋರುವ ಸ್ಪಷ್ಟ ನಾದ ಇದರ ಗುಣ. ಸುತ್ತಮುತ್ತಲಿನ ವಿದ್ಯುತ್ ಉಪಕರಣಗಳ ಗುಂಯ್‌ಗುಡುವಿಕೆಯನ್ನೂ ಹಿಡಿದುಕೊಳ್ಳುವುದು ಇದರ ದೋಷ. ಈ ನಾದವನ್ನು ಬಯಸಿ ಪಿಕಪ್ ಆರಿಸುವವರು ಈ ಎರಡನ್ನೂ ಒಟ್ಟಿಗೆ ತೂಗಿನೋಡಬೇಕಾಗುತ್ತದೆ. ನಾದವು ಪಿಕಪ್ ಒಂದರಿಂದಲೇ ಹುಟ್ಟುವುದಿಲ್ಲ. ಪಿಕಪ್ ಇರುವ ಸ್ಥಾನ, ನಿಯಂತ್ರಕಗಳು, ಕೇಬಲ್ ಇವೆಲ್ಲ ಸೇರಿದ ಮಂಡಲದಿಂದ ಹುಟ್ಟುತ್ತದೆ.

ಇತಿಹಾಸ

ಅಮೆರಿಕದ ಜಾರ್ಜ್ ಬೋಷಾಂಪ್ 1931ರಲ್ಲಿ ರೂಪಿಸಿದ, ‘ಫ್ರೈಯಿಂಗ್ ಪ್ಯಾನ್’ ಎಂದು ಹೆಸರಾದ ಹವಾಯಿ ಶೈಲಿಯ ಗಿಟಾರ್‌ನಲ್ಲಿ ಕಾಂತೀಯ ಪಿಕಪ್ ಮೊದಲ ಬಾರಿಗೆ ಸಮರ್ಪಕವಾಗಿ ಬಳಕೆಗೆ ಬಂತು. ತಂತಿಗಳನ್ನು ಆವರಿಸುವ ಎರಡು ಲಾಳಾಕಾರದ ಅಯಸ್ಕಾಂತಗಳೂ ತಂತಿಗಳ ಕೆಳಗೆ ಒಂದು ಸುರುಳಿಯೂ ಅದರಲ್ಲಿದ್ದವು. 1932ರಲ್ಲಿ ಈ ವಾದ್ಯ ಮಾರುಕಟ್ಟೆಗೆ ಬಂದಿತು. 1937ರಲ್ಲಿ ಬೋಷಾಂಪ್‌ಗೆ ಪೇಟೆಂಟ್ ದೊರೆಯಿತು. ಗಿಬ್ಸನ್ ಕಂಪನಿಯು 1936ರಲ್ಲಿ ಇಎಸ್-150 ಗಿಟಾರನ್ನು ಹೊರತಂದಿತು. ಜಾಝ್ ವಾದಕ ಚಾರ್ಲಿ ಕ್ರಿಶ್ಚಿಯನ್ ಅದನ್ನು ನುಡಿಸಿ ಪ್ರಸಿದ್ಧಿಗೆ ತಂದುದರಿಂದ ಅದರ ಪಿಕಪ್‌ಗೆ ಅವರ ಹೆಸರೇ ಉಳಿದುಕೊಂಡಿತು. ಅದೇ ಕಂಪನಿಯ ಪಿ-90 ಪಿಕಪ್ 1946ರಲ್ಲಿ ಬಂದಿತು.

ಲಿಯೋ ಫೆಂಡರ್ ಅವರ ಕಂಪನಿಯು 1950ರಲ್ಲಿ ಬ್ರಾಡ್‌ಕಾಸ್ಟರ್ ಎಂಬ ಗಿಟಾರನ್ನು ತಯಾರಿಸಿ, 1951ರಲ್ಲಿ ಅದಕ್ಕೆ ಟೆಲಿಕಾಸ್ಟರ್ ಎಂದು ಮರುನಾಮಕರಣ ಮಾಡಿತು. 1954ರಲ್ಲಿ ಮೂರು ಪಿಕಪ್‌ಗಳ ಸ್ಟ್ರಾಟೋಕಾಸ್ಟರ್ ಬಂದಿತು. ಇಂದು ‘ಸಿಂಗಲ್ ಕಾಯಿಲ್ ನಾದ’ ಎಂದೊಡನೆ ಬಹುಪಾಲು ಕೇಳುಗರ ಮನಸ್ಸಿಗೆ ಬರುವುದು ಈ ಎರಡು ವಾದ್ಯಗಳ ಧ್ವನಿಯೇ. ಗಿಬ್ಸನ್‌ನ ಸೆತ್ ಲವರ್ ರೂಪಿಸಿದ, ಗುಂಯ್‌ಗುಡುವಿಕೆಯನ್ನು ನಿವಾರಿಸುವ ಎರಡು ಸುರುಳಿಗಳ ಹಂಬಕರ್ ಪಿಕಪ್ 1957ರಿಂದ ಗಿಟಾರ್‌ಗಳಲ್ಲಿ ಬಳಕೆಗೆ ಬಂದರೂ ಏಕಸುರುಳಿ ಪಿಕಪ್ ಮೂಲೆಗುಂಪಾಗಲಿಲ್ಲ. ಹ್ಯಾಂಕ್ ಮಾರ್ವಿನ್, ಜಿಮಿ ಹೆಂಡ್ರಿಕ್ಸ್, ಮಾರ್ಕ್ ನಾಫ್ಲರ್ ಮುಂತಾದವರ ವಾದನವು ಅದರ ನಾದಕ್ಕೆ ಸ್ಥಿರವಾದ ಸ್ಥಾನವನ್ನು ಒದಗಿಸಿತು.

ಕಾರ್ಯವಿಧಾನ

ಪಿಕಪ್‌ನ ಅಯಸ್ಕಾಂತವು ತನ್ನ ಮೇಲಿರುವ ಉಕ್ಕಿನ ತಂತಿಯನ್ನು ಕಾಂತೀಕರಿಸುತ್ತದೆ. ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರದಲ್ಲಿ ಏರಿಳಿತವುಂಟಾಗಿ, ವಿದ್ಯುತ್ಕಾಂತೀಯ ಪ್ರೇರಣೆಯ ನಿಯಮದಂತೆ ಸುರುಳಿಯಲ್ಲಿ ವಿದ್ಯುತ್ ಸಂಕೇತ ಹುಟ್ಟುತ್ತದೆ. ನೈಲಾನ್ ತಂತಿಗಳು ಕಾಂತೀಯವಲ್ಲದ ಕಾರಣ ಈ ಪಿಕಪ್ ಅವುಗಳಿಗೆ ಒದಗುವುದಿಲ್ಲ. ಸ್ಟ್ರಾಟೋಕಾಸ್ಟರ್ ಬಗೆಯ ಪಿಕಪ್‌ನಲ್ಲಿ 42ನೇ ಗೇಜಿನ, ಎಂದರೆ ಸುಮಾರು 0.063 ಮಿ.ಮೀ. ವ್ಯಾಸದ ತಂತಿಯನ್ನು ಸುಮಾರು 8,000 ಸುತ್ತು ಸುತ್ತಲಾಗಿರುತ್ತದೆ.

ಸುರುಳಿಗೆ ಪ್ರೇರಕತ್ವವಿದೆ, ಸುರುಳಿಗೂ ಆಂಪ್ಲಿಫೈಯರ್‌ಗೆ ಹೋಗುವ ಕೇಬಲ್‌ಗೂ ಧಾರಕತ್ವವಿದೆ. ಇವೆರಡೂ ಕೂಡಿ ಒಂದು ನಿರ್ದಿಷ್ಟ ಆವೃತ್ತಿಯಲ್ಲಿ ಅನುರಣನವನ್ನು ಉಂಟುಮಾಡುತ್ತವೆ. ಆ ಆವೃತ್ತಿಯ ಆಸುಪಾಸಿನ ಧ್ವನಿ ಉಬ್ಬಿ ಕೇಳುತ್ತದೆ. ಅದಕ್ಕೂ ಮೇಲಿನದು ಬೇಗನೆ ಕುಗ್ಗುತ್ತದೆ. ಪಿಕಪ್‌ನ ನಾದಕ್ಕೆ ಬಣ್ಣ ಕೊಡುವುದು ಮುಖ್ಯವಾಗಿ ಈ ಉಬ್ಬು. ಉದಾಹರಣೆಗೆ, 2.4 ಹೆನ್ರಿ ಪ್ರೇರಕತ್ವದ ಏಕಸುರುಳಿ ಪಿಕಪ್ ಒಟ್ಟು 600 ಪಿಕೋಫ್ಯಾರಡ್ ಧಾರಕತ್ವದೊಡನೆ ಸೇರಿದರೆ ಅನುರಣನವು ಸುಮಾರು 4,200 ಹರ್ಟ್ಸ್‌ನಲ್ಲಿ ಬರುತ್ತದೆ. ಅದೇ ಧಾರಕತ್ವದೊಡನೆ 4.5 ಹೆನ್ರಿಯ ಹಂಬಕರ್ ಸೇರಿದರೆ ಅದು ಸುಮಾರು 3,100 ಹರ್ಟ್ಸ್‌ಗೆ ಇಳಿಯುತ್ತದೆ. ಒಂದು ಪಿಕಪ್ ಹೊಳಪಾಗಿಯೂ ಇನ್ನೊಂದು ದುಂಡಗಾಗಿಯೂ ಕೇಳುವುದಕ್ಕೆ ಇದು ಮುಖ್ಯ ಕಾರಣ. ಇದಲ್ಲದೆ ಏಕಸುರುಳಿ ಪಿಕಪ್ ತಂತಿಯ ಕಿರಿದಾದ ಒಂದು ಭಾಗವನ್ನು ಮಾತ್ರ ಗ್ರಹಿಸುತ್ತದೆ. ಹಂಬಕರ್ ಎರಡು ಕಡೆ ಗ್ರಹಿಸುವುದರಿಂದ ಅತಿ ಮೇಲಿನ ಕೆಲವು ಉಪಸ್ವರಗಳು ಅದರಲ್ಲಿ ಪರಸ್ಪರ ಕಳೆದುಹೋಗುತ್ತವೆ.

ಗುಂಯ್‌ಗುಡುವಿಕೆ

ಸುರುಳಿಯು ತಂತಿಯ ಕಂಪನಕ್ಕೆ ಸ್ಪಂದಿಸುವಂತೆಯೇ ಟ್ರಾನ್ಸ್‌ಫಾರ್ಮರ್, ಟ್ಯೂಬ್‌ಲೈಟ್, ವಿದ್ಯುತ್ ವೈರಿಂಗ್‌ಗಳ ಪರ್ಯಾಯ ಕಾಂತಕ್ಷೇತ್ರಕ್ಕೂ ಸ್ಪಂದಿಸುತ್ತದೆ. ಭಾರತದಲ್ಲಿ ವಿದ್ಯುತ್ ಪೂರೈಕೆಯ ಆವೃತ್ತಿ 50 ಹರ್ಟ್ಸ್ ಆಗಿರುವುದರಿಂದ ಈ ಸದ್ದು 50 ಹರ್ಟ್ಸ್ ಹಾಗೂ ಅದರ ಗುಣಕಗಳಲ್ಲಿ ಕೇಳುತ್ತದೆ. ಅಮೆರಿಕದಲ್ಲಿ ಮೂಲ ಆವೃತ್ತಿ 60 ಹರ್ಟ್ಸ್. ಹಂಬಕರ್‌ನಲ್ಲಿ ಎರಡು ಸುರುಳಿಗಳ ಸುತ್ತುವಿಕೆಯ ದಿಕ್ಕೂ ಕಾಂತಧ್ರುವವೂ ಪರಸ್ಪರ ವಿರುದ್ಧವಾಗಿರುತ್ತವೆ. ಹೊರಗಿನ ಸದ್ದು ಒಂದರಲ್ಲಿ ಧನವಾಗಿಯೂ ಇನ್ನೊಂದರಲ್ಲಿ ಋಣವಾಗಿಯೂ ಹುಟ್ಟಿ ಅಳಿದುಹೋಗುತ್ತದೆ. ತಂತಿಯ ಸಂಕೇತಗಳು ಮಾತ್ರ ಕೂಡಿಕೊಳ್ಳುತ್ತವೆ.

ಗಿಟಾರ್‌ನ ಒಳಗೂಡಿಗೆ ತಾಮ್ರದ ಹಾಳೆ ಅಥವಾ ವಾಹಕ ಬಣ್ಣ ಹಚ್ಚಿ ಭೂಸಂಪರ್ಕ ಕೊಟ್ಟರೆ ಕಿರ್‌ಗುಟ್ಟುವ ಸದ್ದು ಕಡಿಮೆಯಾಗುತ್ತದೆ. ಆದರೆ ಅಂತಹ ಕವಚವು ವಿದ್ಯುತ್ ಕ್ಷೇತ್ರವನ್ನು ತಡೆಯುವುದೇ ಹೊರತು 50 ಹರ್ಟ್ಸ್‌ನ ಕಾಂತಕ್ಷೇತ್ರವನ್ನು ತಡೆಯಲಾರದು. ಆದ್ದರಿಂದ ಕವಚ ಹಾಕಿದ ಮೇಲೂ ಗುಂಯ್‌ಗುಡುವಿಕೆ ಉಳಿದರೆ ಅದು ಕೆಲಸದ ಲೋಪವಲ್ಲ.

ಪ್ರಮುಖ ಬಗೆಗಳು

* ಸ್ಟ್ರಾಟೋಕಾಸ್ಟರ್ ಬಗೆ: ಆರು ಅಯಸ್ಕಾಂತದ ಕಡ್ಡಿಗಳ ಸುತ್ತಲೇ ಸುರುಳಿ ಇರುತ್ತದೆ. ಸ್ವಚ್ಛ, ಗಂಟೆಯಂತಹ ನಾದ. ರೋಧ ಸಾಮಾನ್ಯವಾಗಿ 5.5ರಿಂದ 6.5 ಕಿಲೋ ಓಮ್.
* ಟೆಲಿಕಾಸ್ಟರ್ ಬಗೆ: ವೀಣೆಯಲ್ಲಿ ಕುದುರೆ ಎನ್ನುವ, ಗಿಟಾರ್‌ನಲ್ಲಿ ಬ್ರಿಡ್ಜ್ ಎನ್ನುವ ಭಾಗದ ಪಿಕಪ್‌ನ ಅಡಿಯಲ್ಲಿ ಲೋಹದ ತಟ್ಟೆಯಿದ್ದು, ನಾದ ಹರಿತವಾಗಿರುತ್ತದೆ. ನೆಕ್ ಬದಿಯ ಪಿಕಪ್‌ಗೆ ಲೋಹದ ಮುಚ್ಚಳವಿದ್ದು, ನಾದ ಮೃದುವಾಗಿರುತ್ತದೆ.
* ಪಿ-90: ಅಗಲವಾದ ಸುರುಳಿಯ ಕೆಳಗೆ ಎರಡು ಪಟ್ಟಿ ಅಯಸ್ಕಾಂತಗಳು, ನಡುವೆ ಉಕ್ಕಿನ ತಿರುಪುಗಳು. ಮಧ್ಯಮಾಂಶ ತುಂಬಿದ, ಒರಟುತನ ಬೆರೆತ ನಾದ. ಇದೂ ಏಕಸುರುಳಿ ಪಿಕಪ್ಪೇ. ಗುಂಯ್‌ಗುಡುವಿಕೆ ಇದಕ್ಕೂ ಇದೆ.
* ಜಾಝ್‌ಮಾಸ್ಟರ್ ಬಗೆ: 1958ರಲ್ಲಿ ಬಂದುದು. ಸುರುಳಿ ಅಗಲವಾಗಿಯೂ ಚಪ್ಪಟೆಯಾಗಿಯೂ ಇರುತ್ತದೆ.
* ಗುಂಯ್‌ರಹಿತ ಬಗೆ: ಸಾಮಾನ್ಯ ಸಿಂಗಲ್ ಕಾಯಿಲ್‌ನ ಗಾತ್ರದಲ್ಲೇ ಎರಡು ಸುರುಳಿಗಳನ್ನು ಒಂದರ ಮೇಲೊಂದು ಅಥವಾ ಒಂದರ ಪಕ್ಕ ಒಂದು ಇರಿಸಿದ ರಚನೆ.

ಆಯ್ಕೆಯ ಅಂಶಗಳು

ರೋಧ ಮತ್ತು ಪ್ರೇರಕತ್ವ: ತಯಾರಕರು ಹೆಚ್ಚಾಗಿ ಪ್ರಕಟಿಸುವುದು ನೇರ ವಿದ್ಯುತ್ತಿನ ರೋಧವನ್ನು. ಖರೀದಿಸುವವರು ದಾರಿತಪ್ಪುವುದೂ ಇಲ್ಲಿಯೇ. ಒಂದೇ ಬಗೆಯ ಅಯಸ್ಕಾಂತ ಮತ್ತು ತಂತಿಯ ಎರಡು ಪಿಕಪ್‌ಗಳನ್ನು ಹೋಲಿಸುವಾಗ ಮಾತ್ರ ಹೆಚ್ಚಿನ ರೋಧವು ಹೆಚ್ಚು ಸುತ್ತುಗಳನ್ನೂ ಹೆಚ್ಚಿನ ಧ್ವನಿಯನ್ನೂ ಸೂಚಿಸುತ್ತದೆ. ಟೆಲಿಕಾಸ್ಟರ್‌ನ ನೆಕ್ ಪಿಕಪ್‌ಗೆ ಇನ್ನೂ ತೆಳುವಾದ 43ನೇ ಗೇಜಿನ ತಂತಿಯನ್ನು ಬಳಸುವ ರೂಢಿಯಿದೆ. ಹೀಗಾಗಿ ಅದರ ರೋಧ ಹೆಚ್ಚಿರುತ್ತದೆ. ಅಷ್ಟರಿಂದಲೇ ಅದು ಹೆಚ್ಚು ಜೋರಾಗುವುದಿಲ್ಲ. ಉಷ್ಣತೆ ಏರಿದಂತೆ ತಾಮ್ರದ ರೋಧವೂ ಏರುತ್ತದೆ: 20 ಡಿಗ್ರಿಯಲ್ಲಿ 6 ಕಿಲೋ ಓಮ್ ಇರುವ ಪಿಕಪ್ 35 ಡಿಗ್ರಿಯಲ್ಲಿ ಸುಮಾರು 6.35 ಕಿಲೋ ಓಮ್ ತೋರಿಸುತ್ತದೆ. ನಾದವನ್ನು ಅಂದಾಜು ಮಾಡಲು ಪ್ರೇರಕತ್ವದ ಅಂಕಿಯೇ ಹೆಚ್ಚು ವಿಶ್ವಾಸಾರ್ಹ. 2ರಿಂದ 3 ಹೆನ್ರಿಯೊಳಗಿನ ಪಿಕಪ್‌ಗಳು ಸಾಮಾನ್ಯವಾಗಿ 1950–60ರ ದಶಕಗಳ ಸ್ಟ್ರಾಟೋಕಾಸ್ಟರ್ ನಾದಕ್ಕೆ ಹತ್ತಿರವಾಗಿರುತ್ತವೆ. ಅತಿಯಾಗಿ ಸುತ್ತಿದ ಪಿಕಪ್ ಜೋರಾಗುತ್ತದೆ. ಆದರೆ ಯಾವ ಹೊಳಪಿಗಾಗಿ ಅದನ್ನು ಕೊಂಡರೋ ಆ ಹೊಳಪನ್ನೇ ಕಳೆದುಕೊಳ್ಳುತ್ತದೆ.

ಅಯಸ್ಕಾಂತ: ಅಲ್ಯೂಮಿನಿಯಂ, ನಿಕಲ್ ಮತ್ತು ಸಾಮಾನ್ಯವಾಗಿ ಕೋಬಾಲ್ಟ್ ಬೆರೆತ ಕಬ್ಬಿಣದ ಮಿಶ್ರಲೋಹವಾದ ಆಲ್ನಿಕೊ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ 5ನೇ ದರ್ಜೆಯದು ಪ್ರಬಲ. 2 ಮತ್ತು 3ನೇ ದರ್ಜೆಯವು ಸೌಮ್ಯ. ಅಗ್ಗದ ಪಿಕಪ್‌ಗಳಲ್ಲಿ ಉಕ್ಕಿನ ಕಡ್ಡಿಗಳ ಕೆಳಗೆ ಸೆರಾಮಿಕ್ ಪಟ್ಟಿ ಇರುವುದುಂಟು. ಇಲ್ಲಿ ಉಕ್ಕಿನ ಕಡ್ಡಿಗಳು ಪ್ರೇರಕತ್ವವನ್ನು ಹೆಚ್ಚಿಸುವುದರಿಂದ ನಾದ ಬದಲಾಗುತ್ತದೆ.

ಕಡ್ಡಿಗಳ ಎತ್ತರ: 1950ರ ದಶಕದಲ್ಲಿ ಗಿಟಾರ್‌ನ ಮೂರನೆಯ ತಂತಿ ಮೇಲೆ ಎಳೆ ಸುತ್ತಿದ ತಂತಿಯಾಗಿರುತ್ತಿತ್ತು. ಆ ಕಾಲದ ಮಾದರಿಯಲ್ಲಿ ಅದರ ಕೆಳಗಿನ ಕಡ್ಡಿ ಎತ್ತರವಾಗಿದೆ. ಇಂದು ಸಾದಾ ಮೂರನೆಯ ತಂತಿಯನ್ನು ಬಳಸುವವರಿಗೆ ಆ ತಂತಿಯೊಂದೇ ಜೋರಾಗಿ ಕೇಳಬಹುದು. ಅಂತಹವರಿಗೆ ಸಮತಟ್ಟಾದ ಕಡ್ಡಿಗಳ ಪಿಕಪ್ ಸೂಕ್ತ.

ಸ್ಥಾನ: ಒಂದೇ ಪಿಕಪ್ ನೆಕ್ ಬದಿಯಲ್ಲಿ ತುಂಬುನಾದವನ್ನೂ ಬ್ರಿಡ್ಜ್ ಬದಿಯಲ್ಲಿ ತೆಳುವಾದ ಹರಿತ ನಾದವನ್ನೂ ಕೊಡುತ್ತದೆ. ಸ್ಟ್ರಾಟೋಕಾಸ್ಟರ್‌ನಲ್ಲಿ ಪಕ್ಕಪಕ್ಕದ ಎರಡು ಪಿಕಪ್‌ಗಳನ್ನು ಸಮಾಂತರವಾಗಿ ಜೋಡಿಸಿದಾಗ ಬರುವ ಟೊಳ್ಳುನಾದ ವಿಶಿಷ್ಟವಾದುದು. ಮೂರು ಸ್ಥಾನಗಳ ಸ್ವಿಚ್ಚನ್ನು ನಡುವೆ ನಿಲ್ಲಿಸಿ ವಾದಕರು ಇದನ್ನು ಕಂಡುಕೊಂಡರು. 1977ರಲ್ಲಿ ಫೆಂಡರ್ ಐದು ಸ್ಥಾನಗಳ ಸ್ವಿಚ್ಚನ್ನೇ ಅಳವಡಿಸಿತು. ನಡುವಿನ ಪಿಕಪ್‌ನ ಸುತ್ತುವಿಕೆ ಮತ್ತು ಧ್ರುವಗಳೆರಡೂ ಉಳಿದವುಗಳಿಗೆ ವಿರುದ್ಧವಾಗಿದ್ದರೆ ಈ ಎರಡು ಜೋಡಣೆಗಳಲ್ಲಿ ಗುಂಯ್‌ಗುಡುವಿಕೆಯೂ ಬಹುಮಟ್ಟಿಗೆ ಅಡಗುತ್ತದೆ.

ನಿಯಂತ್ರಕ ಮತ್ತು ಕೇಬಲ್: ಏಕಸುರುಳಿ ಪಿಕಪ್‌ಗೆ 250 ಕಿಲೋ ಓಮ್‌ನ ಹಾಗೂ ಹಂಬಕರ್‌ಗೆ 500 ಕಿಲೋ ಓಮ್‌ನ ವಾಲ್ಯೂಮ್ ನಿಯಂತ್ರಕ ಬಳಸುವುದು ರೂಢಿ. ಮೌಲ್ಯ ಹೆಚ್ಚಿದಷ್ಟೂ ಅನುರಣನದ ಉಬ್ಬು ಚೂಪಾಗಿ ನಾದ ಪ್ರಖರವಾಗುತ್ತದೆ. ಗಿಟಾರ್ ಕೇಬಲ್‌ನ ಧಾರಕತ್ವ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್‌ನಷ್ಟಿರುತ್ತದೆ. ಮೇಲಿನ ಉದಾಹರಣೆಯ ಏಕಸುರುಳಿ ಪಿಕಪ್‌ಗೇ ಉದ್ದನೆಯ ಕೇಬಲ್ ಜೋಡಿಸಿ ಒಟ್ಟು ಧಾರಕತ್ವ 1,200 ಪಿಕೋಫ್ಯಾರಡ್ ಆದರೆ ಅನುರಣನ 4,200ರಿಂದ ಸುಮಾರು 3,000 ಹರ್ಟ್ಸ್‌ಗೆ ಇಳಿಯುತ್ತದೆ. ಎಂದರೆ ಕೇಬಲ್ ಬದಲಾದ ಮಾತ್ರಕ್ಕೆ ಅದು ಹಂಬಕರ್‌ನ ಅನುರಣನದ ವಲಯಕ್ಕೆ ಬಂದುಬಿಡುತ್ತದೆ.

ಹಂಬಕರ್ ಇರುವ ಗಿಟಾರ್‌ನಲ್ಲಿ

ಹಂಬಕರ್‌ನ ಒಂದು ಸುರುಳಿಯನ್ನು ಸ್ವಿಚ್ಚಿನಿಂದ ಬಿಡಿಸಿಬಿಟ್ಟರೆ ಉಳಿದುದು ಏಕಸುರುಳಿಯಂತೆ ಕೆಲಸ ಮಾಡುತ್ತದೆ. ಆದರೆ ಅದರ ಸುತ್ತುಗಳು ಕಡಿಮೆ, ಅಯಸ್ಕಾಂತದ ವ್ಯವಸ್ಥೆಯೂ ಬೇರೆ. ಆದ್ದರಿಂದ ನಾದ ತೆಳುವಾಗಿ, ಧ್ವನಿ ಸಣ್ಣದಾಗಿ ಕೇಳುತ್ತದೆ, ಗುಂಯ್‌ಗುಡುವಿಕೆಯೂ ಮರಳುತ್ತದೆ. ಎರಡು ಸುರುಳಿಗಳನ್ನು ಸರಣಿಯ ಬದಲು ಸಮಾಂತರವಾಗಿ ಜೋಡಿಸುವುದು ಇನ್ನೊಂದು ಮಾರ್ಗ. ಇದರಿಂದ ಪ್ರೇರಕತ್ವ ಸುಮಾರು ಕಾಲುಭಾಗಕ್ಕಿಳಿದು ಹೊಳಪು ಬರುತ್ತದೆ, ಸದ್ದಿನ ನಿವಾರಣೆಯೂ ಉಳಿಯುತ್ತದೆ. ಸಮಾಂತರ ಜೋಡಣೆಗೆ ಪಿಕಪ್‌ನಿಂದ ನಾಲ್ಕು ತಂತಿಗಳು ಹೊರಬಂದಿರಬೇಕು. ಮರವನ್ನು ಕೊರೆಯದೆ ನಿಜವಾದ ಏಕಸುರುಳಿಯನ್ನೇ ಕೂರಿಸಬೇಕೆಂದರೆ ಹಂಬಕರ್‌ನ ಅಳತೆಯಲ್ಲಿ ಮಾಡಿದ ಪಿ-90 ಮುಂತಾದವು ದೊರೆಯುತ್ತವೆ.

ಅಳವಡಿಕೆ

ಪಿಕಪ್ ತಂತಿಗಳಿಗೆ ಅತಿ ಸಮೀಪವಿದ್ದರೆ ಕಡ್ಡಿ ಅಯಸ್ಕಾಂತಗಳ ಸೆಳೆತದಿಂದ ಕಂಪನ ಕೆಡುತ್ತದೆ. ಮಂದ್ರದ ತಂತಿಗಳನ್ನು ಮೇಲಿನ ಫ್ರೆಟ್‌ಗಳಲ್ಲಿ ನುಡಿಸಿದಾಗ ಅಪಸ್ವರ ಕೇಳಿಬರುತ್ತದೆ. ಕೊನೆಯ ಫ್ರೆಟ್‌ನಲ್ಲಿ ತಂತಿಯನ್ನು ಒತ್ತಿ ಹಿಡಿದು, ಮಂದ್ರದ ಬದಿಯಲ್ಲಿ ಸುಮಾರು 2.4 ಮಿ.ಮೀ., ತಾರದ ಬದಿಯಲ್ಲಿ ಸುಮಾರು 2 ಮಿ.ಮೀ. ಅಂತರದಿಂದ ಆರಂಭಿಸಿ ಕಿವಿಗೆ ಒಪ್ಪುವಂತೆ ಹೊಂದಿಸುವುದು ವಾಡಿಕೆ.

ಬೇರೆ ಬೇರೆ ತಯಾರಕರ ಪಿಕಪ್‌ಗಳನ್ನು ಬೆರೆಸಿದಾಗ ಎರಡನ್ನು ಒಟ್ಟಿಗೆ ನುಡಿಸಿದರೆ ನಾದ ಸೊರಗಿ ಮೂಗಿನಿಂದ ಬಂದಂತೆ ಕೇಳಬಹುದು. ಅವುಗಳ ಹಂತಗಳು ವಿರುದ್ಧವಾಗಿರುವುದೇ ಇದಕ್ಕೆ ಕಾರಣ. ಒಂದರ ಎರಡು ತುದಿಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಲೋಹದ ಮುಚ್ಚಳವಿರುವ ಪಿಕಪ್ ಆದರೆ ಮುಚ್ಚಳಕ್ಕೆ ಪ್ರತ್ಯೇಕ ಭೂಸಂಪರ್ಕ ಕೊಡಬೇಕು.

ಮಿತಿಗಳು

ಗುಂಯ್‌ರಹಿತ ಪಿಕಪ್‌ಗಳಲ್ಲಿ ಎರಡನೆಯ ಸುರುಳಿಯು ಸದ್ದನ್ನು ಕಳೆಯುವುದರ ಜೊತೆಗೆ ಪ್ರೇರಕತ್ವವನ್ನೂ ಧಾರಕತ್ವವನ್ನೂ ಬದಲಿಸುತ್ತದೆ. ಆದ್ದರಿಂದ ಅವು ಮೂಲನಾದಕ್ಕೆ ಸಮೀಪ ಬರಬಲ್ಲವಾದರೂ ಪೂರ್ಣವಾಗಿ ಅದೇ ಆಗುವುದು ಕಷ್ಟ. ವೇದಿಕೆಯ ಬೆಳಕುಗಳ ನಡುವೆ ಹೆಚ್ಚು ವಿಕೃತಿಯೊಡನೆ ನುಡಿಸುವವರಿಗೆ ಈ ಕೊರತೆ ಗಣನೀಯವಲ್ಲ. ನಿಶ್ಶಬ್ದವಾದ ಕೋಣೆಯಲ್ಲಿ ಸ್ವಚ್ಛನಾದವನ್ನು ಮುದ್ರಿಸುವವರು ಸಾಂಪ್ರದಾಯಿಕ ಪಿಕಪ್ಪನ್ನೇ ಆರಿಸಿ, ಗಿಟಾರನ್ನು ಸದ್ದಿನ ಮೂಲದಿಂದ ಬೇರೆ ದಿಕ್ಕಿಗೆ ತಿರುಗಿಸಿ ಕುಳಿತು ಗುಂಯ್‌ಗುಡುವಿಕೆಯನ್ನು ಎಷ್ಟೋ ಕಡಿಮೆ ಮಾಡಿಕೊಳ್ಳಬಹುದು. ಹೊಸ ಪಿಕಪ್ ಕೊಳ್ಳುವ ಮುನ್ನ ಇರುವ ಪಿಕಪ್‌ನ ಎತ್ತರ, ನಿಯಂತ್ರಕದ ಮೌಲ್ಯ ಮತ್ತು ಕೇಬಲ್‌ನ ಉದ್ದ ಈ ಮೂರನ್ನು ಪರೀಕ್ಷಿಸಿದರೆ ಬಯಸಿದ ನಾದ ಕಡಿಮೆ ಖರ್ಚಿನಲ್ಲೇ ದೊರೆಯುವುದುಂಟು.