ಹಳೆಯ ವಿದ್ಯಾಸ್ಥಾನಗಳಲ್ಲಿ ವಿದ್ಯಾರ್ಥಿಯ ಊಟ-ವಸತಿ

ಮನೆಯ ಮಗನಾಗಲಿ ಮಗಳಾಗಲಿ ವಿಶ್ವವಿದ್ಯಾನಿಲಯಕ್ಕೆ ಹೊರಡುವ ಕಾಲ ಬಂದಾಗ ಹಿರಿಯರು ಮೊದಲು ಕೇಳುವ ಪ್ರಶ್ನೆಗಳಾವುವು? ಆಚಾರ್ಯರ ಪಾಂಡಿತ್ಯವೆಂತಹುದು, ಪಾಠಕ್ರಮವೇನು ಎಂಬ ಮಾತುಗಳು ಆಮೇಲೆ ಬರುವುವು. ಮಲಗುವುದೆಲ್ಲಿ, ಉಣ್ಣುವುದೆಲ್ಲಿ, ರಾತ್ರಿ ಓದಲು ಬೆಳಕುಂಟೆ, ಜ್ವರ ಬಂದರೆ ನೋಡಿಕೊಳ್ಳುವವರಾರು, ಹಣವೆಷ್ಟು ಬೇಕಾದೀತು ಎಂಬುವೇ ಮೊದಲ ಪ್ರಶ್ನೆಗಳು. ಹೊರಡುವ ವಿದ್ಯಾರ್ಥಿಯ ಮನಸ್ಸಿನಲ್ಲಿಯೂ ಇವೇ ಸುಳಿಯುತ್ತಿರುವುವು. ಆದರೆ ಕೇಳಿದರೆ ಅಲ್ಪನೆಂದಾರೆಂಬ ಸಂಕೋಚದಿಂದ ಅವನು ಸುಮ್ಮನಿರುವನು. ಈ ಸಂಕೋಚಕ್ಕೆ ಕಾರಣವಿಲ್ಲವೆಂದು ನಮ್ಮ ನಾಡಿನ ಶಾಸನಗಳು ಹೇಳುತ್ತವೆ. ಸಾವಿರ ವರ್ಷಗಳ ಹಿಂದೆ ವಿದ್ಯಾಸ್ಥಾನಗಳನ್ನು ಕಟ್ಟಿದವರು ಈ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಟ್ಟು, ಆ ಉತ್ತರಗಳನ್ನು ಕಲ್ಲಿನ ಮೇಲೆ ಕೊರೆಯಿಸಿರುವರು.

ಮೊದಲನೆಯ ಪ್ರಶ್ನೆ ಪ್ರವೇಶದ್ದು. ಏಳನೆಯ ಶತಮಾನದಲ್ಲಿ ಮಗಧದ ನಾಲಂದಾ ವಿಹಾರಕ್ಕೆ ಬಂದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗನು, ಅಲ್ಲಿಯ ದ್ವಾರಪಾಲಕನೇ ಪರೀಕ್ಷಕನಾಗಿದ್ದನೆಂದು ಬರೆದಿರುವನು. ದೂರದೇಶಗಳಿಂದ ಬಂದವರಿಗೆ ಬಾಗಿಲಲ್ಲಿಯೇ ಕಠಿಣ ಪ್ರಶ್ನೆಗಳು ಕಾದಿರುತ್ತಿದ್ದುವು. ಹತ್ತು ಮಂದಿಯಲ್ಲಿ ಏಳೆಂಟು ಮಂದಿ ಸೋತು ಹಿಂದಿರುಗುತ್ತಿದ್ದರು. ಆದರೆ ಒಮ್ಮೆ ಒಳಹೊಕ್ಕವನಿಗೆ ಅನ್ನ ವಸ್ತ್ರಗಳ ಚಿಂತೆಯಿರಲಿಲ್ಲ. ನೂರು ಹಳ್ಳಿಗಳ ಉತ್ಪತ್ತಿ ಆ ವಿಹಾರಕ್ಕೆ ಸಲ್ಲುತ್ತಿತ್ತು; ಅಕ್ಕಿ, ಹಾಲು, ಬೆಣ್ಣೆಗಳು ದಿನವೂ ಬರುತ್ತಿದ್ದುವು. ಕೆಲವು ದಶಕಗಳ ತರುವಾಯ ಅಲ್ಲಿ ಸುಮಾರು ಹತ್ತು ವರ್ಷ ವಾಸವಾಗಿದ್ದ ಇತ್ಸಿಂಗನು ದಿನಚರಿಯ ಸಣ್ಣ ಸಂಗತಿಗಳನ್ನೂ ಬಿಟ್ಟಿಲ್ಲ. ನೀರಿನ ಗಡಿಯಾರವು ಹೊತ್ತನ್ನು ತಿಳಿಸುತ್ತಿತ್ತು. ಬೆಳಗ್ಗೆ ಸ್ನಾನಕ್ಕೆ ಗಂಟೆ ಬಾರಿಸಿದೊಡನೆ ಒಮ್ಮೆ ನೂರು, ಒಮ್ಮೆ ಸಾವಿರ ಮಂದಿ ಸುತ್ತಲಿನ ಕೊಳಗಳ ಕಡೆಗೆ ನಡೆಯುತ್ತಿದ್ದರು.

ಎರಡನೆಯ ಪ್ರಶ್ನೆ ಹಣದ್ದು. ತಕ್ಷಶಿಲೆಯ ಆಚಾರ್ಯರಿಗೆ ಸಾವಿರ ಹೊನ್ನನ್ನು ಒಪ್ಪಿಸುವುದು ರೂಢಿಯಾಗಿತ್ತೆಂದು ಜಾತಕ ಕಥೆಗಳಲ್ಲಿ ಮತ್ತೆ ಮತ್ತೆ ಬರುವುದು. ಅದನ್ನು ಕೊಟ್ಟ ಶಿಷ್ಯನು ಗುರುಗೃಹದಲ್ಲಿ ಹಿರಿಯ ಮಗನಂತೆ ಇರುತ್ತಿದ್ದನು. ಕೊಡಲಾರದವನು ಹಗಲೆಲ್ಲ ಗುರುವಿನ ಮನೆಯ ಕೆಲಸ ಮಾಡಿ ರಾತ್ರಿ ಪಾಠ ಹೇಳಿಸಿಕೊಳ್ಳುತ್ತಿದ್ದನು. ಬಡವನಿಗೂ ದಾರಿಯುಂಟಾಗಿತ್ತೆಂಬುದು ನಿಜ; ಆದರೆ ಅದು ದಣಿದ ಮೈಯಲ್ಲಿ, ನಿದ್ರೆಯ ಹೊತ್ತಿನಲ್ಲಿ ನಡೆಯಬೇಕಾದ ದಾರಿ. ಈ ಭೇದವನ್ನು ತೊಡೆಯಬೇಕಾದರೆ ವಿದ್ಯಾರ್ಥಿಯ ವೆಚ್ಚವನ್ನು ಬೇರೊಬ್ಬರು ಹೊರಬೇಕು. ನಮ್ಮ ನಾಡಿನ ದತ್ತಿಶಾಸನಗಳ ಮಹತ್ವವಿರುವುದು ಇಲ್ಲಿ.

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಶಾಸನವನ್ನು ನೋಡೋಣ. ಆ ಊರಿಗೆ ಅಂದು ಪಾವಿಟ್ಟಗೆಯೆಂದು ಹೆಸರು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಸಂಧಿವಿಗ್ರಹಿಯಾದ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬಂದು ಸೇರಿದರು. ಶಕವರ್ಷ ೮೬೭ರ, ಎಂದರೆ ಕ್ರಿ.ಶ. ೯೪೫ರ, ಭಾದ್ರಪದ ಅಮಾವಾಸ್ಯೆಯ ಸೂರ್ಯಗ್ರಹಣ ಕಾಲದಲ್ಲಿ ಆ ಶಾಲೆಗೆ ದತ್ತಿ ಸಂದಿತು. ವಿದ್ಯಾರ್ಥಿಗಳ ಪೋಷಣೆಗೆ ೫೦೦ ನಿವರ್ತನ ಭೂಮಿ. ಅವರ ವಾಸಕ್ಕೆ ೨೭ ಮನೆಗಳು. ಉಪಾಧ್ಯಾಯನಿಗೆ ೫೦ ನಿವರ್ತನ ಭೂಮಿ ಮತ್ತು ಒಂದು ಮನೆ. ಇಷ್ಟಕ್ಕೇ ನಿಲ್ಲಿಸಿದ್ದರೂ ದಾನವು ದೊಡ್ಡದೇ. ಆದರೆ ಮುಂದೆ ಇನ್ನೊಂದು ಬಾಬು ಇದೆ: ದೀಪಕ್ಕೆಂದು ೧೨ ನಿವರ್ತನ ಭೂಮಿ. ಕತ್ತಲಾದ ಮೇಲೆಯೂ ವಿದ್ಯಾರ್ಥಿಗೆ ಬೆಳಕು ಬೇಕು, ದೀಪಕ್ಕೆ ಎಣ್ಣೆ ಬೇಕು, ಎಣ್ಣೆಗೆ ವರ್ಷವರ್ಷವೂ ತಪ್ಪದೆ ಬರುವ ಆದಾಯ ಬೇಕು ಎಂದು ಯಾರೋ ಕುಳಿತು ಲೆಕ್ಕ ಹಾಕಿರುವರು.

ಆ ಶಾಲೆಯ ಭಾರವನ್ನು ಊರಿನ ಸಂಸಾರಿಗಳೂ ಹಂಚಿಕೊಂಡರು. ಮನೆಯಲ್ಲಿ ಮದುವೆಯಾದರೆ ಐದು ಪುಷ್ಪ, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ಪುಷ್ಪವನ್ನು ಶಾಲೆಗೆ ಸಲ್ಲಿಸಬೇಕೆಂದು ಕಟ್ಟಳೆಯಾಯಿತು. ಪುಷ್ಪವೆಂಬುದು ಇಲ್ಲಿ ನಾಣ್ಯದ ಹೆಸರೆಂದು ವಿದ್ವಾಂಸರು ಅರ್ಥಮಾಡಿರುವರು. ತನ್ನ ಮನೆಯ ಶುಭಕಾರ್ಯದಲ್ಲಿ ಪರವೂರಿನಿಂದ ಓದಲು ಬಂದ ಹುಡುಗನಿಗೂ ಒಂದು ಪಾಲುಂಟೆಂದು ಆ ಊರು ಒಪ್ಪಿಕೊಂಡಿತು. ಅರಸರ ದಾನಕ್ಕಿಂತ ಈ ಸಣ್ಣ ಕಾಣಿಕೆಯೇ ನಮಗೆ ಹೆಚ್ಚು ಆದರಣೀಯವಾಗಿ ತೋರುವುದು.

ಗ್ರಂಥಗಳ ಪ್ರಶ್ನೆಗೆ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಸಮೀಪದಲ್ಲಿರುವ ನಾಗಾವಿಯಲ್ಲಿ ಉತ್ತರ ದೊರೆಯುವುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ ಕಾಲದಲ್ಲಿ, ಕ್ರಿ.ಶ. ೧೦೫೮ರಲ್ಲಿ, ದಂಡನಾಯಕ ಮಧುಸೂದನನು ಅಲ್ಲಿಯ ಘಟಿಕಾಸ್ಥಾನಕ್ಕೆ ದತ್ತಿ ಬಿಟ್ಟನು. ವೇದಾಧ್ಯಯನ ಮಾಡುವ ೨೦೦ ಮಂದಿಗೂ, ಶಾಸ್ತ್ರಗಳನ್ನು ಓದುವ ಸುಮಾರು ೫೦ ಮಂದಿಗೂ, ಅವರ ಉಪಾಧ್ಯಾಯರಿಗೂ ಅಲ್ಲಿ ಜೀವಿತ ಏರ್ಪಟ್ಟಿತ್ತು. ಇವರೊಡನೆ ಸರಸ್ವತೀ ಭಂಡಾರಿಗರ ಹೆಸರೂ ಬರುವುದು. ತಾಳೆಯೋಲೆಯ ಕಟ್ಟುಗಳನ್ನು ಕಾಪಾಡುವ ಪುಸ್ತಕಭಂಡಾರದ ಅಧಿಕಾರಿಗಳು ಇವರು. ಒಂದು ಗ್ರಂಥಕ್ಕೆ ಪ್ರತಿ ಬೇಕಾದರೆ ತಿಂಗಳುಗಟ್ಟಲೆ ಕುಳಿತು ಬರೆಯಬೇಕಾಗಿದ್ದ ಕಾಲದಲ್ಲಿ ಅದನ್ನು ಹುಳು, ತೇವಗಳಿಂದ ಉಳಿಸುವವನು ಉಪಾಧ್ಯಾಯನಷ್ಟೇ ಅವಶ್ಯಕನಾಗಿದ್ದನು. ಹಳೆಯ ಕಟ್ಟಡಗಳ ಅವಶೇಷಗಳು ನಾಗಾವಿಯಲ್ಲಿ ಈಗಲೂ ಇವೆ.

ಇನ್ನು ಊಟ, ಸ್ನಾನ, ಆರೋಗ್ಯಗಳ ಮಾತು. ಇವುಗಳ ವಿವರವನ್ನು ತಿಳಿಯಲು ನಾವು ನೆರೆಯ ತಮಿಳು ನಾಡಿನ ಚೋಳ ಶಾಸನಗಳಿಗೆ ಹೋಗಬೇಕು. ಲೆಕ್ಕವನ್ನು ಅವುಗಳಷ್ಟು ಬಿಡಿಸಿ ಬರೆದ ಶಾಸನಗಳು ವಿರಳ. ರಾಜೇಂದ್ರ ಚೋಳನ ಕಾಲದ ಎಣ್ಣಾಯಿರದ ವಿದ್ಯಾಶಾಲೆಯಲ್ಲಿ ೩೪೦ ವಿದ್ಯಾರ್ಥಿಗಳೂ ೧೪ ಉಪಾಧ್ಯಾಯರೂ ಇದ್ದರು. ವಿದ್ಯಾರ್ಥಿಗಳಲ್ಲಿ ೨೭೦ ಮಂದಿ ಕೆಳತರಗತಿಯವರು, ೭೦ ಮಂದಿ ಮೇಲ್ತರಗತಿಯವರು. ಕೆಳಗಿನವರಿಗೆ ದಿನಕ್ಕೆ ಆರು ನಾಳಿ ಭತ್ತ, ಮೇಲಿನವರಿಗೆ ಹತ್ತು ನಾಳಿ. ಓದು ಹೆಚ್ಚಿದಂತೆ ಪಡಿಯೂ ಹೆಚ್ಚುತ್ತಿತ್ತು.

ಪಾಲಾರ್ ನದಿಯ ಸಂಗಮದಲ್ಲಿರುವ ತಿರುಮುಕ್ಕೂಡಲಿನ ದೇವಾಲಯದ ಗೋಡೆಯ ಮೇಲಿನ ಶಾಸನವಂತೂ ವಿದ್ಯಾರ್ಥಿನಿಲಯದ ಲೆಕ್ಕದ ಪುಸ್ತಕದಂತೆಯೇ ಇದೆ. ಇದು ವೀರರಾಜೇಂದ್ರ ಚೋಳನ ಕಾಲದ್ದು, ಹನ್ನೊಂದನೆಯ ಶತಮಾನದ ಉತ್ತರಾರ್ಧಕ್ಕೆ ಸೇರಿದುದು. ಸುಮಾರು ೬೦ ಮಂದಿಗೆ ಅನ್ನ, ಮಲಗಲು ಚಾಪೆ, ರಾತ್ರಿಗೆ ದೀಪ, ಶನಿವಾರಗಳಲ್ಲಿ ಅಭ್ಯಂಜನಕ್ಕೆ ಎಣ್ಣೆ, ಹೀಗೆ ಪ್ರತಿಯೊಂದಕ್ಕೂ ಬೇರೆ ಬೇರೆ ವೆಚ್ಚವನ್ನು ಬರೆದಿದೆ. ವರ್ಷದಲ್ಲಿ ಎಷ್ಟು ಶನಿವಾರಗಳೆಂಬುದನ್ನು ಕೂಡ ಎಣಿಸಿ ಎಣ್ಣೆಯ ಪ್ರಮಾಣವನ್ನು ಗೊತ್ತುಮಾಡಿರುವರು. ಮಗನಿಗೆ ವಾರಕ್ಕೊಮ್ಮೆ ತಲೆಗೆ ಎಣ್ಣೆ ಒತ್ತುವವರಾರೆಂದು ಹಂಬಲಿಸುವ ತಾಯಿಗೆ ಇದಕ್ಕಿಂತ ಸಮಾಧಾನಕರವಾದ ಉತ್ತರವುಂಟೆ? ಅದೇ ಆವರಣದಲ್ಲಿ ಹದಿನೈದು ಹಾಸಿಗೆಗಳ ಆತುರಶಾಲೆಯೊಂದು ಇತ್ತು. ವೈದ್ಯ, ಶಸ್ತ್ರಚಿಕಿತ್ಸಕ, ಮೂಲಿಕೆಗಳನ್ನು ತರುವ ಇಬ್ಬರು, ಶುಶ್ರೂಷೆ ಮಾಡುವ ಇಬ್ಬರು ಹೆಂಗಸರು, ಕ್ಷೌರಿಕ, ನೀರು ತರುವವ, ಇವರೆಲ್ಲರಿಗೂ ಸಂಬಳ ಗೊತ್ತಾಗಿತ್ತು. ವಿದ್ಯಾರ್ಥಿಗಳೂ ದೇವಾಲಯದ ಸೇವಕರೂ ಅಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು.

ಇಷ್ಟೆಲ್ಲ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ ಕಡೆಯ ಪ್ರಶ್ನೆಯೊಂದು ಉಳಿಯುವುದು: ‘ನನ್ನಂಥವನಿಗೆ ಅಲ್ಲಿ ಸ್ಥಳವುಂಟೆ?’ ಇಲ್ಲಿ ಶಾಸನಗಳ ಔದಾರ್ಯ ಕುಗ್ಗುತ್ತದೆ. ಸಾಲೋಟಗಿ, ನಾಗಾವಿ, ಎಣ್ಣಾಯಿರಗಳ ದತ್ತಿಗಳು ವೇದಶಾಸ್ತ್ರಗಳನ್ನು ಓದುವ ಬ್ರಾಹ್ಮಣ ವಟುಗಳಿಗಾಗಿ ಏರ್ಪಟ್ಟವು. ಅವರ ಪಡಿಯ ಭತ್ತವನ್ನು ಬೆಳೆದ ಒಕ್ಕಲಿನ ಮಗನು ಆ ೨೭ ಮನೆಗಳಲ್ಲಿ ವಾಸಿಸಲಿಲ್ಲ. ಅವನ ತಂಗಿಯ ಮಾತನ್ನಂತೂ ಯಾವ ಶಾಸನವೂ ಎತ್ತಿಲ್ಲ. ಬಳ್ಳಿಗಾವೆಯ ಕೋಡಿಯಮಠದ ಕ್ರಿ.ಶ. ೧೧೬೨ರ ಶಾಸನ ಮಾತ್ರ ನಮ್ಮ ಮನಸ್ಸನ್ನು ಸ್ವಲ್ಪ ಹಗುರ ಮಾಡುವುದು. ಆ ಮಠವು ನಾಲ್ಕು ವೇದಗಳಿಗೂ, ವ್ಯಾಕರಣಗಳಿಗೂ, ಷಡ್ದರ್ಶನಗಳಿಗೂ ನೆಲೆಯಾಗಿತ್ತು. ಅದರೊಡನೆ ಕುರುಡರು, ಕುಂಟರು, ಕಿವುಡರು, ಹಾಡುವವರು, ಕುಣಿಯುವವರು, ನಾನಾ ಮತಗಳ ಸನ್ಯಾಸಿಗಳು, ಇವರೆಲ್ಲರಿಗೂ ಅನ್ನವನ್ನಿಡುವ ತಾಣವೆಂದೂ, ಅನಾಥರೋಗಿಗಳಿಗೆ ಮದ್ದು ಕೊಡುವ ಸ್ಥಾನವೆಂದೂ ಶಾಸನವು ಅದನ್ನು ಕೊಂಡಾಡಿದೆ. ಆದರೂ ಎಲ್ಲರಿಗೂ ಅನ್ನವಿಡುವುದು ಬೇರೆ, ಎಲ್ಲರಿಗೂ ಅಕ್ಷರ ಕಲಿಸುವುದು ಬೇರೆ.

ಆಧುನಿಕ ವಿಶ್ವವಿದ್ಯಾನಿಲಯವು ಕನ್ನಡ ನಾಡಿಗೆ ಬಂದಾಗ ಈ ಪ್ರಶ್ನೆಗಳು ಹೊಸದಾಗಿ ಎದ್ದುವು. ಮೈಸೂರು ವಿಶ್ವವಿದ್ಯಾನಿಲಯವು ೧೯೧೬ರ ಜುಲೈ ೨೭ರಂದು ಆರಂಭವಾಯಿತು. ಧಾರವಾಡದ ಕರ್ಣಾಟಕ ಕಾಲೇಜು ೧೯೧೭ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ತೆರೆಯಿತು. ಪರೀಕ್ಷೆಯನ್ನು ಗೆದ್ದ ಹಳ್ಳಿಯ ಹುಡುಗನಿಗೆ ಕಾಲೇಜಿನ ಬಾಗಿಲು ತೆರೆದಿತ್ತು. ಅನ್ನದ ದಾರಿಯನ್ನು ಅವನೇ ಹುಡುಕಬೇಕಾಗಿತ್ತು. ವಾರಾನ್ನವೆಂಬ ಪದ್ಧತಿ ಎಷ್ಟೋ ಮಂದಿಯನ್ನು ಉಳಿಸಿತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳಬೇಕು. ಒಂದು ಮನೆ ತಪ್ಪಿದರೆ ಅಂದು ಉಪವಾಸ. ಜಾತಿಯ ಕಟ್ಟು ಬಿಗಿಯಾಗಿದ್ದ ಆ ದಿನಗಳಲ್ಲಿ ಎಲ್ಲರಿಗೂ ಈ ಏಳು ಮನೆಗಳೂ ದೊರೆಯುತ್ತಿರಲಿಲ್ಲ. ಆಗ ನಾನಾ ಸಮಾಜಗಳ ಹಿರಿಯರು, ಮಠಾಧಿಪತಿಗಳು, ಕೊಡುಗೈಯ ವರ್ತಕರು ಊರೂರುಗಳಲ್ಲಿ ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆದರು. ತುಮಕೂರಿನ ಸಿದ್ಧಗಂಗಾ ಮಠವು ಸಾವಿರಾರು ಮಕ್ಕಳಿಗೆ ಜಾತಿಭೇದವೆಣಿಸದೆ ಅನ್ನಾಶ್ರಯಗಳನ್ನು ಕೊಟ್ಟಿತು. ಮುಂದೆ ಸರಕಾರವೂ ಹಿಂದುಳಿದವರಿಗೆ, ದಲಿತರಿಗೆ, ಹೆಣ್ಣುಮಕ್ಕಳಿಗೆ ನಿಲಯಗಳನ್ನು ಕಟ್ಟಿತು. ಪಾವಿಟ್ಟಗೆಯಲ್ಲಿ ಹೊರಗುಳಿದಿದ್ದವರು ಸಾವಿರ ವರ್ಷಗಳ ತರುವಾಯ ಒಳಗೆ ಬಂದುದು ಬಹುಮಟ್ಟಿಗೆ ಈ ಅನ್ನದ ಪಂಕ್ತಿಯ ಮೂಲಕ. ಕನ್ನಡ ನಾಡಿನ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಪಾಠಶಾಲೆಗಳಿಗಿರುವಷ್ಟೇ ಸ್ಥಾನ ಅಡುಗೆಮನೆಗಳಿಗೂ ಸಲ್ಲಬೇಕು.

ಈಗಲೂ ವಿದ್ಯೆಗಾಗಿ ದಾನಮಾಡುವವರು ನಮ್ಮಲ್ಲಿ ಕಡಮೆಯಿಲ್ಲ. ಭವನಗಳಿಗೆ ಹೆಸರುಗಳುಂಟು, ಪ್ರಥಮಸ್ಥಾನ ಪಡೆದವರಿಗೆ ಚಿನ್ನದ ಪದಕಗಳುಂಟು. ಇವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಪದಕವು ಓದಿ ಮುಗಿಸಿದವನಿಗೆ ದೊರೆಯುವುದು. ಚಾಪೆ, ದೀಪ, ಅನ್ನಗಳು ಓದನ್ನು ನಡುವೆ ಬಿಡದಂತೆ ಕಾಯುವುವು. ನಿಲಯಗಳನ್ನು ನಡೆಯಿಸುವ ಮಹನೀಯರು ಒಮ್ಮೆ ಸಾಲೋಟಗಿಗೆ ಹೋಗಿ ಆ ಕಂಬವನ್ನು ನೋಡಿ ಬರಲಿ. ಮನೆಯಿಂದ ಹೊರಡಲಿರುವ ವಿದ್ಯಾರ್ಥಿಯೂ ತನ್ನ ಪ್ರಶ್ನೆಗಳನ್ನು ನಾಚದೆ ಕೇಳಲಿ. ಉತ್ತರ ಕೊಡುವುದು ಹಿರಿಯರ ಧರ್ಮವೆಂಬುದಕ್ಕೆ ದೀಪಕ್ಕಾಗಿ ಬಿಟ್ಟ ಆ ೧೨ ನಿವರ್ತನ ಭೂಮಿಯೇ ಸಾಕ್ಷಿ.