ಸಮುದ್ರಯಾನ ನಿಷೇಧವೂ ಆನಂದೀಬಾಯಿ ಜೋಶಿಯವರ ವಿದ್ಯಾಯಾತ್ರೆಯೂ

ವಿದ್ಯಾರ್ಜನೆಗಾಗಿ ಕಡಲನ್ನು ದಾಟಿ ಹೋಗುವದು ಈಗ ಸೋಜಿಗದ ಸಂಗತಿಯಾಗಿ ಉಳಿದಿಲ್ಲ. ಮಕ್ಕಳು ಪರದೇಶಕ್ಕೆ ಹೊರಡುವಾಗ ತಾಯಂದಿರು ಕಣ್ಣೊರಸಿಕೊಳ್ಳುವದುಂಟೇ ಹೊರತು ಜಾತಿಯ ಪಂಚರು ಸಭೆ ಸೇರುವದಿಲ್ಲ. ನೂರನಾಲ್ವತ್ತು ವರ್ಷಗಳ ಹಿಂದೆ ಹೀಗಿರಲಿಲ್ಲ. ಆ ಕಾಲದಲ್ಲಿ ಹದಿನೆಂಟು ವರ್ಷದ ಒಬ್ಬ ಹೆಣ್ಣುಮಗಳು ಒಬ್ಬಂಟಿಯಾಗಿ ಕೈಕೊಂಡ ಯಾತ್ರೆಯ ವೃತ್ತಾಂತವನ್ನು ಸದ್ಭಕ್ತರ ಮುಂದಿಡುವೆನು. ಅದಕ್ಕೆ ಮುಂಚೆ, ಅವಳಿಗೆ ಅಡ್ಡವಾಗಿ ನಿಂತ ನಿಷೇಧವೆಂಥದೆಂಬದನ್ನು ತುಸು ನೋಡಬೇಕು.

ಶಾಸ್ತ್ರವು ಸಮುದ್ರಯಾನವನ್ನು ನಿಷೇಧಿಸಿದೆಯೆಂದು ಎಲ್ಲರೂ ಹೇಳುವರು. ಯಾವ ಗ್ರಂಥವು ಎಷ್ಟರಮಟ್ಟಿಗೆ ನಿಷೇಧಿಸಿತೆಂದು ತೆರೆದು ನೋಡುವವರು ವಿರಳ. ಬೌಧಾಯನ ಧರ್ಮಸೂತ್ರವು ಒಂದೆಡೆ ಉತ್ತರದೇಶದವರ ವಿಶೇಷಾಚಾರಗಳಲ್ಲಿ ಸಮುದ್ರಗಮನವನ್ನೂ ಎಣಿಸುತ್ತದೆ. ಇನ್ನೊಂದೆಡೆ ಪತನೀಯ ಕರ್ಮಗಳ ಸಾಲಿನಲ್ಲಿ ಅದನ್ನೇ ಮೊದಲಿಗೆ ಹೇಳುತ್ತದೆ. ಆದರೆ ಅಲ್ಲಿಯೇ ಪ್ರಾಯಶ್ಚಿತ್ತವೂ ವಿಹಿತವಾಗಿದೆ: ನಾಲ್ಕನೆಯ ಊಟದ ಹೊತ್ತಿಗೊಮ್ಮೆ ಮಿತಾಹಾರ, ದಿನಕ್ಕೆ ಮೂರು ಸ್ನಾನ, ಹಗಲು ನಿಂತು ಇರುಳು ಕುಳಿತು ಮೂರು ವರ್ಷ ಕಳೆಯುವದು. ಕಠಿಣವೇ ಸರಿ, ಆದರೂ ಮರಳಿ ಬರುವವನಿಗೆ ಒಂದು ಬಾಗಿಲು ತೆರೆದಿತ್ತು. ಆ ಬಾಗಿಲನ್ನು ಮುಚ್ಚಿದವರು ತರುವಾಯದ ಕಲಿವರ್ಜ್ಯಕಾರರು. ನೌಕೆಯಲ್ಲಿ ಕಡಲಿಗೆ ಹೋದ ದ್ವಿಜನು ಪ್ರಾಯಶ್ಚಿತ್ತದಿಂದ ಶುದ್ಧನಾದರೂ ಕಲಿಯುಗದಲ್ಲಿ ಅವನನ್ನು ಪರಿಗ್ರಹಿಸಕೂಡದೆಂದು ಅವರು ವಿಧಿಸಿದರು. ಆದುದರಿಂದ ಭಯವಿದ್ದದ್ದು ಹೋಗುವದರಲ್ಲಿ ಅಷ್ಟಾಗಿ ಅಲ್ಲ, ಮರಳುವದರಲ್ಲಿ.

ಈ ನಿಯಮವನ್ನು ನಾಡೆಲ್ಲ ಪಾಲಿಸಿತೆಂದು ತಿಳಿಯಲಾಗದು. ನಮ್ಮ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದ ಶಾಸನವೊಂದು ಕ್ರಿ. ಶ. ೧೦೮೮ರಷ್ಟು ಹಿಂದೆಯೇ ಸುಮಾತ್ರಾ ದ್ವೀಪದಲ್ಲಿ ತಮಿಳಿನಲ್ಲಿ ಬರೆಯಲ್ಪಟ್ಟಿದೆ. ವ್ಯಾಪಾರಕ್ಕೆ ದಾರಿಬಿಟ್ಟ ಕಡಲು ವಿದ್ಯೆಗೆ ದಾರಿಬಿಡದಿದ್ದುದು ವಿಚಿತ್ರವೇ.

ಆನಂದೀಬಾಯಿಯವರು ೧೮೬೫ನೆಯ ಇಸವಿ ಮಾರ್ಚ್ ೩೧ರಂದು ಜನಿಸಿದರು. ತವರಿನ ಹೆಸರು ಯಮುನಾ. ಒಂಬತ್ತು ವರ್ಷದವರಿರುವಾಗಲೇ ಅಂಚೆಯ ಖಾತೆಯಲ್ಲಿದ್ದ ಗೋಪಾಳರಾವ ಜೋಶಿಯವರೊಡನೆ ವಿವಾಹವಾಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಹೆತ್ತ ಗಂಡುಕೂಸು ಹತ್ತು ದಿನಗಳಲ್ಲಿಯೇ ತೀರಿಕೊಂಡಿತು. ಹೆಂಗಸರಿಗೆ ಹೆಂಗಸರೇ ವೈದ್ಯರಾಗಬೇಕೆಂಬ ಹಂಬಲವು ಆ ದುಃಖದಿಂದಲೇ ಮೊಳೆಯಿತೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಪತ್ನಿಯ ವಿದ್ಯೆಗೆ ಸಹಾಯ ಬೇಡಿ ಗೋಪಾಳರಾಯರು ಬರೆದ ಪತ್ರವು ಅಮೇರಿಕೆಯ ಮಿಶನರಿ ಮಾಸಿಕವೊಂದರಲ್ಲಿ ಅಚ್ಚಾಯಿತು. ನ್ಯೂಜರ್ಸಿ ಪ್ರಾಂತದ ರೋಸೆಲ್ ಊರಿನ ಕಾರ್ಪೆಂಟರ್ ಎಂಬ ಗೃಹಿಣಿಯು ದಂತವೈದ್ಯನಲ್ಲಿಗೆ ಹೋಗಿ ಕಾದು ಕುಳಿತಾಗ ಅದನ್ನು ಓದಿ, ಕಾಣದ ಹುಡುಗಿಗೆ ಓಲೆ ಬರೆದಳು. ಆನಂದೀಬಾಯಿಯವರು ಆಕೆಯನ್ನು ಮಾವಶಿ, ಎಂದರೆ ಚಿಕ್ಕಮ್ಮ, ಎಂದೇ ಕರೆದರು.

ಹೊರಡುವ ಸುದ್ದಿ ಹರಡಿದೊಡನೆ ನಿಂದೆಯೂ ಹರಡಿತು. ಆಗ ಅವರು ೧೮೮೩ನೆಯ ಇಸವಿ ಫೆಬ್ರುವರಿ ೨೪ರಂದು ಬಂಗಾಲದ ಶ್ರೀರಾಮಪುರ ಕಾಲೇಜಿನಲ್ಲಿ ಸಭಿಕರ ಮುಂದೆ ನಿಂತು, ಜನರು ಕೇಳುತ್ತಿದ್ದ ಪ್ರಶ್ನೆಗಳನ್ನು ತಾವೇ ಒಂದೊಂದಾಗಿ ಎತ್ತಿಕೊಂಡು ಉತ್ತರಿಸಿದರು. ಇಲ್ಲಿಯೇ ಏಕೆ ಕಲಿಯಬಾರದೆಂಬುದಕ್ಕೆ, ಮದ್ರಾಸಿನಲ್ಲಿ ಒಂದು ಕಾಲೇಜು ಇದೆ, ಬೇರೆಡೆ ಸೂಲಗಿತ್ತಿಯ ವಿದ್ಯೆಯ ವರ್ಗಗಳಿವೆ, ಆದರೆ ಆ ಶಿಕ್ಷಣವು ಅಪೂರ್ಣವೆಂದರು. ಮುಂಬಯಿಯಲ್ಲಿ ಶಾಲೆಗೆ ನಡೆದು ಹೋಗುವಾಗ ದಾರಿಹೋಕರು ಸುತ್ತುಗಟ್ಟಿ ನಕ್ಕುದನ್ನೂ, ಜಗಲಿಯಲ್ಲಿ ಕುಳಿತವರು ಹರಳು ಬೀರಿದುದನ್ನೂ, ಅಂಗಡಿಕಾರರು ಕಂಡು ಉಗುಳಿದುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಪತಿಯ ಸಂಗಡ ಏಕೆ ಹೋಗಬಾರದೆಂದರೆ, ವೃದ್ಧೆಯಾದ ಅತ್ತೆಯನ್ನೂ ಚಿಕ್ಕ ಮೈದುನರನ್ನೂ ಸಲಹುವವರಾರು? ಕೊನೆಗೆ, ಮರಳಿದ ಬಳಿಕ ಬಹಿಷ್ಕಾರ ಹಾಕಿದರೇನು ಗತಿ? ಉಡಿಗೆ, ಊಟ, ನಡೆಗಳಲ್ಲಿ ಇಲ್ಲಿದ್ದಂತೆಯೇ ಅಲ್ಲಿಯೂ ಇರುವೆನು. ಹಿಂದೂ ಆಗಿಯೇ ಹೋಗಿ ಹಿಂದೂ ಆಗಿಯೇ ಬರುವೆನು. ಅಂಥವಳನ್ನು ಯಾವ ಕಾರಣಕ್ಕೆ ಹೊರಗಿಡುವಿರಿ ಎಂಬದು ಅವರ ಉತ್ತರದ ತಾತ್ಪರ್ಯ. ಕಲಿವರ್ಜ್ಯದ ನಿಬಂಧಗಳನ್ನು ಹೊತ್ತು ತಿರುಗುವ ಪಂಡಿತರು ಈ ಪ್ರಶ್ನೆಗೆ ಏನು ಸಮಾಧಾನ ಕೊಡಬಲ್ಲರೆಂಬದು ನನಗೆ ಕಾಣದು.

ಬಹಿಷ್ಕಾರದ ಮಾತು ಬರಿಯ ಬೆದರಿಕೆಯಾಗಿರಲಿಲ್ಲ. ಐದು ವರ್ಷಗಳ ತರುವಾಯ, ೧೮೮೮ರಲ್ಲಿ, ನ್ಯಾಯಶಾಸ್ತ್ರದ ವ್ಯಾಸಂಗಕ್ಕೆ ಇಂಗ್ಲಂಡಿಗೆ ಹೊರಟ ಮೋಹನದಾಸ ಗಾಂಧಿಯವರನ್ನು ಮುಂಬಯಿಯಲ್ಲಿ ಮೋಢ ಬನಿಯಾ ಪಂಚಾಯಿತಿಯು ಜಾತಿಯಿಂದ ಹೊರಗೆ ಹಾಕಿತು. ಬಂದರಕ್ಕೆ ಬೀಳ್ಕೊಡಲು ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಸಾರಿತು. ೧೮೯೧ರಲ್ಲಿ ಮರಳಿದ ಮೇಲೆ ಅವರು ನಾಸಿಕದಲ್ಲಿ ಪುಣ್ಯಸ್ನಾನ ಮಾಡಿದರೂ ಜಾತಿಯ ಒಂದು ಪಂಗಡವು ಅವರನ್ನು ಒಳಗೆ ಕರೆದುಕೊಳ್ಳಲಿಲ್ಲ. ಕಲಿವರ್ಜ್ಯದ ವಾಕ್ಯವು ತಾಳೆಯೋಲೆಯಲ್ಲಿ ಮಾತ್ರ ಬದುಕಿರಲಿಲ್ಲವಷ್ಟೆ.

೧೮೮೩ನೆಯ ಇಸವಿ ಎಪ್ರಿಲ್ ೭ರಂದು ಆನಂದೀಬಾಯಿಯವರು ಕಲಕತ್ತೆಯಿಂದ ಹಡಗನ್ನೇರಿದರು. ಸಂಗಡ ಪರಿಚಯದ ಮಿಶನರಿ ಹೆಂಗಸರಿದ್ದರೇ ಹೊರತು ತನ್ನವರೆಂಬವರು ಒಬ್ಬರೂ ಇರಲಿಲ್ಲ. ಸುಮಾರು ಎರಡು ತಿಂಗಳ ಪ್ರಯಾಣದ ಬಳಿಕ ಜೂನ್ ೪ರಂದು ನ್ಯೂಯಾರ್ಕಿನಲ್ಲಿ ಇಳಿದರು. ಫಿಲಡೆಲ್ಫಿಯಾ ನಗರದಲ್ಲಿ ಸ್ತ್ರೀಯರಿಗಾಗಿಯೇ ಇದ್ದ ಪೆನ್ಸಿಲ್ವೇನಿಯಾ ವೈದ್ಯ ಕಾಲೇಜನ್ನು ಸೇರಿದರು. ಹಿಮ ಬೀಳುವ ಆ ದೇಶದಲ್ಲಿಯೂ ಸೀರೆಯನ್ನು ಬಿಡಲಿಲ್ಲ, ಶಾಕಾಹಾರವನ್ನು ಬಿಡಲಿಲ್ಲ. ಕೊಟ್ಟ ಮಾತಿಗೆ ಅವರು ತೆತ್ತ ಬೆಲೆ ಸಣ್ಣದಲ್ಲ. ಚಳಿಯೂ ಒಗ್ಗದ ಜೀವನವೂ ಮೊದಲೇ ದುರ್ಬಲವಾಗಿದ್ದ ದೇಹವನ್ನು ಸವೆಸಿದವು. ೧೮೮೬ನೆಯ ಇಸವಿ ಮಾರ್ಚ್ ೧೧ರಂದು ಪದವಿ ದೊರೆಯಿತು. ಪಂಡಿತಾ ರಮಾಬಾಯಿಯವರು ಆ ಸಮಾರಂಭಕ್ಕೆ ಬಂದಿದ್ದರು. ಆನಂದೀಬಾಯಿಯವರ ಪ್ರಬಂಧವು ಪ್ರಾಚೀನ ಹಿಂದೂಗಳ ಪ್ರಸೂತಿಶಾಸ್ತ್ರವನ್ನು ಕುರಿತದ್ದು! ಕಡಲಾಚೆಗೆ ಹೋದವಳು ಬರೆದದ್ದು ತನ್ನ ಹಿರಿಯರ ಶಾಸ್ತ್ರವನ್ನೇ ಎಂಬದನ್ನು ಓದಿದಾಗ, ಪಾಠಶಾಲೆಯಲ್ಲಿ ಬೆಳೆದ ನನ್ನಂಥವನಿಗೆ ಆಗುವ ಹರ್ಷವನ್ನು ಬಣ್ಣಿಸಲಾರೆನು.

ನಮ್ಮ ನಾಡಿನ ಅಂಚಿಗೇ ಹೊಂದಿದ ಕೊಲ್ಲಾಪುರದ ಸಂಸ್ಥಾನವು ಅಲ್ಲಿಯ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀ ವಿಭಾಗಕ್ಕೆ ಅವರನ್ನು ವೈದ್ಯರನ್ನಾಗಿ ನಿಯಮಿಸಿತು. ೧೮೮೬ರ ಕೊನೆಯಲ್ಲಿ ಅವರು ಸ್ವದೇಶಕ್ಕೆ ಮರಳಿದಾಗ ಜನರು ಆದರದಿಂದಲೇ ಎದುರುಗೊಂಡರು. ಆದರೆ ಕ್ಷಯರೋಗವು ಅವರೊಡನೆಯೇ ಹಡಗನ್ನೇರಿ ಬಂದಿತ್ತು. ಒಬ್ಬ ರೋಗಿಯನ್ನೂ ಕೊಲ್ಲಾಪುರದಲ್ಲಿ ನೋಡದೆ, ೧೮೮೭ನೆಯ ಇಸವಿ ಫೆಬ್ರುವರಿ ೨೬ರಂದು, ಇಪ್ಪತ್ತೆರಡು ತುಂಬುವದಕ್ಕೆ ಮುಂಚೆ, ಪುಣೆಯಲ್ಲಿ ದೇಹವಿಟ್ಟರು. ಅವರ ಚಿತಾಭಸ್ಮವನ್ನು ಕಾರ್ಪೆಂಟರ್ ಚಿಕ್ಕಮ್ಮನಲ್ಲಿಗೆ ಕಳುಹಲಾಯಿತು. ನ್ಯೂಯಾರ್ಕ್ ಪ್ರಾಂತದ ಪೊಕಿಪ್ಸಿ ಎಂಬಲ್ಲಿ, ಆ ಮನೆತನದವರ ಸಮಾಧಿಗಳ ನಡುವೆ ಅದನ್ನಿಟ್ಟಿದ್ದಾರೆ; ವಿದ್ಯೆಗಾಗಿ ಭಾರತವನ್ನು ಬಿಟ್ಟು ಹೋದ ಮೊದಲನೆಯ ಬ್ರಾಹ್ಮಣ ಮಹಿಳೆಯೆಂಬ ಅರ್ಥದ ಬರಹವು ಅಲ್ಲಿಯ ಕಲ್ಲಿನ ಮೇಲಿದೆ.