ಹಾಡು ಕೇಳುವ ಪೆಟ್ಟಿಗೆ, ಹಾಡು ಹಿಡಿಯುವ ಪೆಟ್ಟಿಗೆ

ಕೈಯಲ್ಲಿ ಒಯ್ಯಬಹುದಾದ ಹಾಡಿನ ಪೆಟ್ಟಿಗೆ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವುದು ಮೂರು ಪ್ರಶ್ನೆ: ಬೆಲೆ ಎಷ್ಟು, ಎಷ್ಟು ಹಾಡು ಹಿಡಿಯುತ್ತದೆ, ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ತಾಸು ನಡೆಯುತ್ತದೆ? ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯಂಥ ಕೃಷ್ಣಾತೀರದ ಊರಿನಲ್ಲಿ ನಿಂತು ನೋಡಿದರೆ ನಾಲ್ಕನೆಯದೂ ಇದೆ. ನಮ್ಮೂರಿನ ಹಾಡನ್ನು ಇದು ಹಿಡಿದಿಟ್ಟುಕೊಳ್ಳುತ್ತದೆಯೇ? ಈ ಪೆಟ್ಟಿಗೆಗಳ ನೂರು ವರ್ಷದ ಚರಿತ್ರೆ ಆ ಪ್ರಶ್ನೆಗೆ ಒಮ್ಮೆ ಹೌದು, ಒಮ್ಮೆ ಇಲ್ಲ ಎನ್ನುತ್ತಲೇ ಬಂದಿದೆ.

ಮೊದಲು ಬಂದದ್ದು ಸೂಟ್‌ಕೇಸಿನಂತೆ ಮಡಚುವ ಗ್ರಾಮಫೋನು. 1914ರ ಡೆಕ್ಕಾ ಪೋರ್ಟಬಲ್ ಮೊದಲ ಮಹಾಯುದ್ಧದ ಕಂದಕಗಳಿಗೂ ಹೋಯಿತು. 1931ರಲ್ಲಿ ಎಚ್.ಎಂ.ವಿ. ತನ್ನ 102 ಎಂಬ ಮಾದರಿಯನ್ನು ತಂದಿತು. ಚಾವಿ ತಿರುವಿದರೆ ಸ್ಪ್ರಿಂಗಿನ ಬಲದಿಂದ ಪ್ಲೇಟು ತಿರುಗುತ್ತಿತ್ತು. ವಿದ್ಯುತ್ ಇಲ್ಲದ ಹಳ್ಳಿಗೆ ಇದಕ್ಕಿಂತ ಹೊಂದುವ ಯಂತ್ರ ಆಗ ಇರಲಿಲ್ಲ. ಆದರೆ ಹತ್ತು ಇಂಚಿನ ಪ್ಲೇಟಿನ ಒಂದು ಬದಿಯಲ್ಲಿ ಹಾಡಿಗೆ ಸಿಗುತ್ತಿದ್ದದ್ದು ಮೂರು ನಿಮಿಷದಷ್ಟು ಮಾತ್ರ. ಕುಡಚಿಯಲ್ಲಿ ರೈಲು ಹತ್ತಿದರೆ ಮುಟ್ಟುವ ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರು ತಾಸುಗಟ್ಟಲೆ ಬೆಳೆಸಬಲ್ಲ ರಾಗವನ್ನು ಆ ಮೂರು ನಿಮಿಷಕ್ಕೆ ಇಳಿಸಿ ಹಾಡಿದರು. ಅವರು 1937ರಲ್ಲಿ ತೀರಿಕೊಂಡರೂ ಆ ಪ್ಲೇಟುಗಳಿಂದಾಗಿ ಅವರ ದನಿ ಇಂದಿಗೂ ಕೇಳುತ್ತದೆ. ಯಾರ ದನಿ ಪ್ಲೇಟಾಗಬೇಕು ಎಂಬುದನ್ನು ಮಾತ್ರ ಕಂಪನಿ ತೀರ್ಮಾನಿಸುತ್ತಿತ್ತು. ಕೊಂಡವನ ಕೈಯಲ್ಲಿದ್ದದ್ದು ಕೇಳುವ ಅಧಿಕಾರವಷ್ಟೇ.

ಟ್ರಾನ್ಸಿಸ್ಟರ್ ರೇಡಿಯೊ ಹಾಡನ್ನು ಹೊಲದ ಬದುವಿಗೆ ತಂದಿತು. ಪ್ಲೇಟು ಬೇಡ, ಚಾವಿ ಬೇಡ, ಸೆಲ್ ಹಾಕಿದರೆ ಸಾಕು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯಿಂದ ಕನ್ನಡ, ಮುಂದೆ ಸಾಂಗ್ಲಿ ನಿಲಯದಿಂದ ಮರಾಠಿ: ಗಡಿಭಾಗದ ಕೇಳುಗನಿಗೆ ಮುಳ್ಳು ತಿರುವಿದರೆ ಭಾಷೆಯೇ ಬದಲಾಗುತ್ತಿತ್ತು. ಇಲ್ಲಿಯೂ ಹಾಡನ್ನು ಆರಿಸುವವರು ನಿಲಯದವರೇ. ಮೆಚ್ಚಿದ ಹಾಡು ಒಮ್ಮೆ ಮುಗಿದರೆ ಮತ್ತೆ ಯಾವಾಗಲೋ.

ನಿಜವಾದ ಬದಲಾವಣೆ ತಂದದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿ ಅದನ್ನು 1963ರಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಜಗತ್ತಿನ ಮುಂದಿಟ್ಟಿತು. ಟೇಪ್ ರೆಕಾರ್ಡರಿನಲ್ಲಿ ಹಾಡು ಕೇಳುವ ಗುಂಡಿಯ ಪಕ್ಕದಲ್ಲೇ ಹಾಡು ತುಂಬುವ ಕೆಂಪು ಗುಂಡಿಯಿತ್ತು. ನಮ್ಮ ಭಾಗಕ್ಕೆ ಅದರ ಅರ್ಥ ದೊಡ್ಡದು. ಶ್ರೀಕೃಷ್ಣ ಪಾರಿಜಾತ ರಾತ್ರಿಯಿಡೀ ನಡೆಯುವ ಆಟ. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಎಂದಿಟ್ಟುಕೊಂಡರೂ 420 ನಿಮಿಷ. ಅದನ್ನು ಹಿಡಿಯಲು ಗ್ರಾಮಫೋನಿನ ಎಪ್ಪತ್ತು ಪ್ಲೇಟು ಬೇಕು. ತೊಂಬತ್ತು ನಿಮಿಷದ ಕ್ಯಾಸೆಟ್ಟಾದರೆ ಐದೇ ಸಾಕು. ಡೊಳ್ಳಿನ ಪದ, ಭಜನೆ, ಗೀಗೀ ಪದ, ಅಜ್ಜಿಯ ಬೀಸುವ ಪದ, ಎಲ್ಲಕ್ಕೂ ಯಾವ ಕಂಪನಿಯ ಒಪ್ಪಿಗೆಯೂ ಬೇಕಿಲ್ಲದ ಜಾಗ ಸಿಕ್ಕಿತು. ಉತ್ತರ ಭಾರತದ ಕ್ಯಾಸೆಟ್ ಲೋಕವನ್ನು ಅಧ್ಯಯನ ಮಾಡಿದ ಪೀಟರ್ ಮ್ಯಾನ್ಯುಯೆಲ್ 1993ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದೂ ಇದನ್ನೇ: ಒಂದು ದೊಡ್ಡ ಕಂಪನಿಯ ಹಿಡಿತ ಸಡಿಲಿ, ಸಣ್ಣ ಊರುಗಳ ಹಾಡು ಪೇಟೆಗೆ ಬಂತು.

ಇದೇ ಹೊತ್ತಿಗೆ ಜಪಾನಿನಲ್ಲಿ ಇದಕ್ಕೆ ವಿರುದ್ಧವಾದುದೊಂದು ನಡೆಯಿತು. ಪತ್ರಕರ್ತರಿಗೆಂದು ಮಾಡಿದ್ದ ಪ್ರೆಸ್‌ಮನ್ ಎಂಬ ಪುಟ್ಟ ರೆಕಾರ್ಡರಿನಿಂದ ಸೋನಿ ಕಂಪನಿ ಧ್ವನಿಮುದ್ರಣದ ಸೌಲಭ್ಯವನ್ನೂ ಸ್ಪೀಕರನ್ನೂ ತೆಗೆದುಹಾಕಿ, ಸ್ಟೀರಿಯೊ ಹೆಡ್‌ಫೋನ್ ಜೋಡಿಸಿತು. 1979ರ ಜುಲೈ 1ರಂದು ಮಾರುಕಟ್ಟೆಗೆ ಬಂದ ವಾಕ್‌ಮನ್ ಹುಟ್ಟಿದ್ದು ಹೀಗೆ. ನಡೆಯುವವನಿಗೆ, ಪ್ರಯಾಣಿಕನಿಗೆ ಅದು ವರವಾಯಿತು. ಆದರೆ ಹಾಡು ಕಟ್ಟೆಯಿಂದ ಒಬ್ಬನ ಕಿವಿಗೆ ಸರಿಯಿತು, ಕೆಂಪು ಗುಂಡಿಯೂ ಹೋಯಿತು. 2001ರ ಅಕ್ಟೋಬರಿನಲ್ಲಿ ಬಂದ ಐಪಾಡ್ ಸಾವಿರ ಹಾಡನ್ನು ಜೇಬಿಗಿಳಿಸಿತು. ಅದರಲ್ಲೂ ನಮ್ಮ ಹಾಡನ್ನು ತುಂಬುವ ಗುಂಡಿ ಇರಲಿಲ್ಲ. 2017ರಲ್ಲಿ ಸಾರೆಗಾಮ ಕಂಪನಿ ತಂದ ಕಾರವಾನ್ ಐದು ಸಾವಿರ ಹಳೆಯ ಹಿಂದಿ ಹಾಡುಗಳನ್ನು ತುಂಬಿಕೊಂಡೇ ಬಂತು. ಗುಂಡಿ ತಿರುವಲು ಬಲ್ಲ ಹಿರಿಯರಿಗೆ ಅದು ಹಿಡಿಸಿತು. ಆರಿಸಿದವರು ಮಾತ್ರ ಮತ್ತೆ ಕಂಪನಿಯವರೇ.

ಹೀಗೆ ನೋಡಿದರೆ ಒಳ್ಳೆಯ ಪೆಟ್ಟಿಗೆ, ಕೆಟ್ಟ ಪೆಟ್ಟಿಗೆ ಎಂದಿಲ್ಲ. ಬಸ್ಸಿನಲ್ಲಿ ಕಾಲೇಜಿಗೆ ಹೋಗುವವರಿಗೆ ಮೊಬೈಲು, ಇಯರ್‌ಫೋನು ಸಾಕು. ಕಣ್ಣು ಮಂಜಾದ ಅಜ್ಜನಿಗೆ ದೊಡ್ಡ ಗುಂಡಿಯ, ಗಟ್ಟಿ ಸ್ಪೀಕರಿನ ಪೆಟ್ಟಿಗೆಯೇ ಬೇಕು. ಹತ್ತು ಜನ ಕೂತು ಕೇಳುವ ಮನೆಗೆ ಪೆನ್‌ಡ್ರೈವ್ ಹಿಡಿಯುವ ಸ್ಪೀಕರ್ ಸರಿ.

ಅಟ್ಟದ ಮೇಲೆ ಹಳೆಯ ಕ್ಯಾಸೆಟ್ಟುಗಳ ಡಬ್ಬಿ ಇರುವ ಮನೆಯ ಅಗತ್ಯ ಮಾತ್ರ ಬೇರೆ. ಸಿನಿಮಾ ಹಾಡಿನ ಕ್ಯಾಸೆಟ್ ಹಾಳಾದರೆ ಅದೇ ಹಾಡು ಬೇರೆಡೆ ಸಿಗುತ್ತದೆ. ಊರಿನ ಆಟದ, ಸತ್ತುಹೋದ ಭಜನೆಯವರ ದನಿಯ ಕ್ಯಾಸೆಟ್ಟಿಗೆ ಎರಡನೆಯ ಪ್ರತಿ ಇರುವುದಿಲ್ಲ. ಟೇಪಿಗೆ ತೇವ, ಬೂಸ್ಟು, ಬಿಸಿಲು ಮೂರೂ ವೈರಿ. 2005 ಮತ್ತು 2019ರಲ್ಲಿ ಕೃಷ್ಣೆ ಉಕ್ಕಿದ್ದನ್ನು ಈ ದಂಡೆ ಮರೆತಿಲ್ಲ. ಅಂಥ ಮನೆ ಮೊದಲು ಹುಡುಕಬೇಕಾದದ್ದು ಸುಸ್ಥಿತಿಯಲ್ಲಿರುವ ಹಳೆಯ ಟೇಪ್ ರೆಕಾರ್ಡರನ್ನು. ಕ್ಯಾಸೆಟ್ಟಿನ ಹಿಂಬದಿಯ ಎರಡು ಪುಟ್ಟ ಚಕ್ಕೆಗಳನ್ನು ಮುರಿದರೆ ಅದರ ಮೇಲೆ ಯಾರೂ ತಪ್ಪಿ ಬೇರೆ ಹಾಡು ತುಂಬಲಾಗದು. ಆಮೇಲೆ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವೈರು ಎಳೆದು ಪ್ರತಿ ಮಾಡಿ, ಎರಡು ಕಡೆ ಇಟ್ಟು, ಹಾಡಿದವರ ಹೆಸರು, ಊರು, ವರ್ಷ ಬರೆದಿಡಬೇಕು. ಹೊಸ ಪೆಟ್ಟಿಗೆ ಯಾವುದು ಎಂಬುದನ್ನು ನಂತರ ಆರಿಸಬಹುದು. ಅದರಲ್ಲಿ ಕೇಳಲು ನಮ್ಮದೆನ್ನುವ ಹಾಡು ಆಗ ಉಳಿದಿರುತ್ತದೆ.